ಹೊನ್ನಕ್ಕ ಮುಟ್ಟಿದ ಚುಕ್ಕೆ

ಹೊನ್ನಕ್ಕ ಮುಟ್ಟಿದ್ದೇ ತಡ, ಮೊಬೈಲ್ ಪರದೆಯ ಮೇಲಿದ್ದ ಹಸಿರು ಚುಕ್ಕೆ ಕೆಂಪಾಯಿತು. "ಅಯ್ಯೋ, ಏನಾಯ್ತವ್ವಾ?" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾರ್ದೋ ಮನೆ ನೆಟ್ ಆಫಾಯ್ತು ಕಣಜ್ಜಿ. ಯಾವ ಚುಕ್ಕೆ ಯಾರ್ದು ಅಂತ ಇನ್ನೂ ಹೆಸ್ರು ಹಾಕಿಲ್ಲ. ಇರ್ಲಿ, ಯಾರು ಕೇಳ್ಕಂಡ್ ಬತ್ತಾರೋ ನೋಡಾಣ," ಎಂದು ಮೊಮ್ಮಗಳು ಸಂಘಮಿತ್ರಾ ನಕ್ಕಳು. ಊರಿಗೆಲ್ಲ ವೈಫೈ ಹಂಚುವ ರೂಟರ್ ಇದ್ದದ್ದು ಇವರ ಮನೆಯಲ್ಲೇ. ಯಾರಿಗೆ ಬಿಡಬೇಕು, ಯಾರದನ್ನು ನಿಲ್ಲಿಸಬೇಕು ಎಂಬುದನ್ನೆಲ್ಲ ಬೆರಳಲ್ಲೇ ನಡೆಸುವ ಪುಟವೊಂದನ್ನು ಹಾಸನದಲ್ಲಿ ಡಿಪ್ಲೊಮಾ ಓದುವ ಅವಳು ಆಗಷ್ಟೇ ಮಾಡಿ ಮುಗಿಸಿದ್ದಳು.

ಸ್ವಲ್ಪ ಹೊತ್ತಿಗೆ ಹೊಸ್ತಿಲಾಚೆ ಬಂದು ನಿಂತವರು ಈ ಕೇರಿಗೆ ಎಂದೂ ಕಾಲಿಡದ ಚನ್ನಪ್ಪಗೌಡರು. "ಹೊನ್ನಕ್ಕಾ, ನಮ್ಮನೇಲಿ ನೆಟ್ಟು ನಿಂತೋಯ್ತು. ವಸಿ ಬುಡಿಸ್ತೀಯಾ?"

ಹೊನ್ನಕ್ಕ ತನ್ನ ಬೆರಳನ್ನೇ ಬೆರಗಾಗಿ ನೋಡಿಕೊಂಡಳು. ಈ ಬೆರಳೇ? ಇದೇ ಗೌಡರ ಬಾವಿಯ ಹಗ್ಗ ಮುಟ್ಟುವಂತಿಲ್ಲದೆ, ಯಾರಾದರೂ ಸೇದಿ ಹುಯ್ದಾರೆಂದು ಖಾಲಿ ಬಿಂದಿಗೆ ಹಿಡಿದು ನೆತ್ತಿ ಸುಡುವ ತನಕ ನಿಂತಿರುತ್ತಿದ್ದ ಹುಡುಗಿಯ ಬೆರಳೇ?

ಮೊಮ್ಮಗಳು ಮೊಬೈಲಿಗೆ ಕೈ ಚಾಚಿದಳು. "ತಡಿಯವ್ವ, ನಾನೇ ಬುಡ್ತೀನಿ," ಎಂದ ಹೊನ್ನಕ್ಕ ಕೆಂಪು ಚುಕ್ಕೆಯನ್ನು ಮೆಲ್ಲಗೆ ಮುಟ್ಟಿ, ಬಾಗಿಲ ಕಡೆ ತಿರುಗಿದಳು. "ಒಳೀಕ್ ಬಂದು ಕೂತ್ಕಳಿ ಗೌಡ್ರೇ. ಆಚೆ ನಿಂತ್ಕಂಡು ಕಾಯೋದು ಎಂಗಿರ್ತದೆ ಅಂತ ನಂಗೊತ್ತು."