ಅಮ್ಮ ನೋಡದ ಕೋಟೆ

ಬೀದಿಯಲ್ಲಿ ಟಾರು ಕಾಯಿಸುವ ವಾಸನೆ ಬಂದರೆ ನನಗೆ ಈಗಲೂ ಚಿಕ್ಕಪ್ಪನ ಹಿಮ್ಮಡಿ ನೆನಪಾಗುತ್ತದೆ.

ಬೇಸಿಗೆ ರಜೆಯಲ್ಲಿ ನಾವೆಲ್ಲ ನರಸೀಪುರದ ಹೊಳೆಯಾಚೆಗಿದ್ದ ಪಾಳು ಕೋಟೆ ನೋಡಲು ಹೊರಟಿದ್ದೆವು. ಟಾರು ಬಳಿದ ತೆಪ್ಪ ಬಿಸಿಲಿಗೆ ಕಾದು ಕೈಗೆ ಅಂಟುತ್ತಿತ್ತು. ನಸುಕಿಗೇ ಎದ್ದು ಎಲ್ಲರಿಗೂ ಪುಳಿಯೋಗರೆ ಕಟ್ಟಿದ್ದ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ತೆಪ್ಪ ಹತ್ತಲು ಬಂದಳು.

"ನೀವ್ ಇಲ್ಲೇ ಇರಿ ಅತ್ಗೆ, ಊಟದ ಗಂಟು ನೋಡ್ಕೊಳಿ. ಕೋಟೆ ಕಂಡು ನೀವೇನ್ ಮಾಡ್ಬೇಕು?" ಎಂದರು ಚಿಕ್ಕಪ್ಪ.

ಅವರ ಬ್ಯಾಗಿಗೆ ತೆಪ್ಪದಲ್ಲಿ ಜಾಗವಿತ್ತು. ಅಮ್ಮ ಮರಳಿನ ಮೇಲೆ ಕುಳಿತಳು.

ಕೋಟೆಯ ಬಾಗಿಲಲ್ಲೇ ಆಂಜನೇಯನ ಗುಡಿ. ಎಲ್ಲರೂ ಕಾಲಲ್ಲಿದ್ದುದನ್ನು ಬಿಟ್ಟು ಒಳಗೆ ಹೋದರು. ನಾನು ಹಿಂದೆ ಉಳಿದು ಚಿಕ್ಕಪ್ಪನ ಹೊಸ ಬೂಟುಗಳನ್ನು ಒಂದೊಂದಾಗಿ ಕಂದಕದ ಪಾಚಿ ನೀರಿಗೆ ಎಸೆದೆ. ಅವು ಮುಳುಗುವವರೆಗೂ ನಿಂತು ನೋಡಿದೆ.

ಜಾಲಿ ಮುಳ್ಳಿನ ದಾರಿಯಲ್ಲಿ ಬರಿಗಾಲಲ್ಲಿ ಕುಂಟುತ್ತ ಬಂದ ಚಿಕ್ಕಪ್ಪ, ಈಚೆ ದಡ ಸೇರಿದ ಕೂಡಲೇ ಅಮ್ಮನ ಮುಂದೆ ಕಾಲು ಚಾಚಿದರು.

"ಮುಳ್ ತಗೀರಿ ಅತ್ಗೆ."

ಅಮ್ಮ ಬಳೆಯಿಂದ ಪಿನ್ನು ಬಿಚ್ಚಿದಳು. ಎರಡೇ ಸಲಕ್ಕೆ ಮುಳ್ಳು ಹೊರಬಂತು. ಅವಳ ಉಗುರಿನ ಮೇಲೆ ಅದನ್ನು ನಾನು ಕಂಡೆ.

"ಇನ್ನೂ ಒಳ್ಗೇ ಅದೆ, ಅಲ್ಲಾಡ್ಬೇಡಿ" ಎಂದು ಅಮ್ಮ ಮತ್ತೆ ಪಿನ್ನು ಊರಿದಳು.