ಅಳಿಯದ ಚುಕ್ಕೆ

ಭೂಮಿಯನ್ನು ತಂಪಾಗಿಡಲು ಆಕಾಶಕ್ಕೆ ಬಿಳಿ ಪರದೆ ಹಾಸಿದ ಮೇಲೆ, ಅದು ರಾತ್ರಿಯೂ ಬೆಳಗುತ್ತಿದ್ದುದರಿಂದ ಗದಗಿನಲ್ಲಿ ಕತ್ತಲಾಗುವುದೇ ನಿಂತಿತ್ತು. ಮಲಗುವ ಹೊತ್ತಿಗೆ ಜನ ಕಿಟಕಿಗೆ ಕಂಬಳಿ ಕಟ್ಟಿಕೊಳ್ಳುತ್ತಿದ್ದರು. ನಿವೃತ್ತ ಶಿಕ್ಷಕಿ ಇಂದುಮತಿ ಮಾತ್ರ ಮಾಳಿಗೆಯ ಮೇಲೆ ಟೆಲಿಸ್ಕೋಪ್ ಇಟ್ಟುಕೊಂಡು ಆಕಾಶದ ಫೋಟೋ ತೆಗೆಯುತ್ತ ಕೂತಿರುತ್ತಿದ್ದರು.

ಪರದೆ ಇಲಾಖೆಯಿಂದ ಬಂದ ಸಂಗಮೇಶ ಅವರ ಹಳೆಯ ವಿದ್ಯಾರ್ಥಿ.

“ಅಕ್ಕೋರ, ಪರದೇದಾಗ ತೂತು ಬಿದ್ದೈತಿ ಅಂತ ಊರ ತುಂಬ ಹೇಳಾಕತ್ತೀರಂತ. ನಿಮ್ಮ ಫೋಟೋದಾಗಿನ ಆ ಕರೀ ಚುಕ್ಕಿ ಬರೇ ಧೂಳ್ರೀ. ಟೆಲಿಸ್ಕೋಪಿನ ಕನ್ನಡಿ ಒರಸಿಬಿಡ್ಲೇನು?” ಎಂದು ಕರವಸ್ತ್ರ ತೆಗೆದ.

“ಮುಟ್ಟಬ್ಯಾಡ! ಎರಡೂ ಫೋಟೋದಾಗ ಧೂಳು ಇದ್ದಲ್ಲೇ ಇರ್ಬೇಕು.”

ಇಂದುಮತಿ ಟೆಲಿಸ್ಕೋಪಿನ ಬಾಯಿಗೆ ಒಗೆದ ಬಿಳಿ ಧೋತರವನ್ನು ಸುಕ್ಕಿಲ್ಲದಂತೆ ಬಿಗಿದು ಫೋಟೋ ತೆಗೆದರು. ಬಿಳುಪಿನ ಮೇಲೆ ಧೂಳಿನ ನೆರಳುಗಳು ಉಂಗುರ ಉಂಗುರವಾಗಿ ಮೂಡಿದವು.

“ನೋಡು, ಧೋತರದಾಗ ಎಲ್ಲೂ ತೂತಿಲ್ಲ. ಇಲ್ಲಿ ಕಾಣೋದೆಲ್ಲ ನನ್ನ ಕನ್ನಡಿ ಧೂಳು. ಈಗ ಇದನ್ನ ಆಕಾಶದ ಫೋಟೋದಿಂದ ತೆಗೀತೀನಿ.”

ಲ್ಯಾಪ್‌ಟಾಪಿನಲ್ಲಿ ಆಕಾಶದ ಫೋಟೋದ ಮೇಲಿದ್ದ ಉಂಗುರಗಳೆಲ್ಲ ಮಾಯವಾದವು. ಮೂಲೆಯ ಕಪ್ಪು ಚುಕ್ಕೆ ಮಾತ್ರ ಅಲುಗಲಿಲ್ಲ.

ಸಂಗಮೇಶನ ದನಿ ಇಳಿಯಿತು. “ಅಕ್ಕೋರ, ಯಾರರೆ ನೋಡೋದ್ರಾಗ ಅದನ್ನೂ ಅಳಿಸಿಬಿಡ್ರೀ. ಮ್ಯಾಲಿನವ್ರಿಗೆ ನಾ ಏನಂತ ಹೇಳ್ಲಿ?”

“ಧೂಳಾಗಿದ್ರ ಈಗ ಅಳಿಸಿ ಹೋಗಿರ್ತಿತ್ತು. ಹೋಗಿ ನಿಮ್ಮ ಸಾಹೇಬ್ರಿಗೆ ಹೇಳು,” ಇಂದುಮತಿ ಧೋತರ ಬಿಚ್ಚಿ ಟೆಲಿಸ್ಕೋಪನ್ನು ಮತ್ತೆ ಮೇಲಕ್ಕೆ ತಿರುಗಿಸಿದರು, “ಅದು ರಾತ್ರಿ ಅಂತ.”