ಜೋಲಿ ಕಟ್ಟಿದ ಸಂಜೆ

ಮನೌಸ್ ಪೇಟೆಯಲ್ಲಿ ಬೆಳೆದ ದಾಲ್ವಾ ಹೆಣಗಾಡಿ ಕಟ್ಟಿದ್ದ ಜೋಲಿಯ ಹಗ್ಗವನ್ನು ಮಲಮಗಳು ಜಂದೀರಾ ಬಿಚ್ಚಿ, ಹೊಳೆಯಂಚಿನ ಬೇರೊಂದು ಮರಕ್ಕೆ ಬಿಗಿದಳು. ತಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮುಖ ಕೊಟ್ಟು ಮಾತಾಡದವಳು ಕಸ್ತಾನ್ಯಾ ಎಂಬ ಬ್ರೆಜಿಲ್ ಬಾದಾಮಿಯ ಕಾಯಿ ಆರಿಸಲು ತನ್ನನ್ನೊಬ್ಬಳನ್ನೇ ಅಮೆಜಾನ್ ಕಾಡಿಗೆ ಕರೆತಂದಿದ್ದೇಕೆ? ದಾಲ್ವಾಳಿಗೆ ಒಳಗೊಳಗೇ ಅಳುಕು.

“ಆ ಮರಕ್ಕೇನಾಗಿತ್ತೇ?”

“ಒಳಗೆಲ್ಲಾ ಟೊಳ್ಳು. ರಾತ್ರಿ ನಿಮ್ಮ ತಲೆ ಮೇಲೇ ಬೀಳ್ತಿತ್ತು. ಇದ್ರಲ್ಲಿ ಮಲಗಿ ನೋಡಿ.”

“ಮೊದಲು ನೀನೇ ಮಲಗು.”

ಜಂದೀರಾ ಅವಳನ್ನೇ ದಿಟ್ಟಿಸಿ ನಕ್ಕುಬಿಟ್ಟಳು. “ಗಂಟು ಸಡಿಲ ಬಿಟ್ಟಿದೀನಿ ಅಂತಾನಾ?” ಎನ್ನುತ್ತ ಜೋಲಿಯೇರಿ ಜೋರಾಗಿ ತೂಗಿಕೊಂಡಳು. ಗಂಟು ಜಗ್ಗಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು ಬಟ್ಟೆಯ ಅಂಚನ್ನು ಎತ್ತಿ ಹಿಡಿದಳು.

“ಬನ್ನಿ ಚಿಕ್ಕಮ್ಮ, ಇಬ್ಬರನ್ನೂ ತಡೆಯುತ್ತೆ. ಅಮ್ಮ ಇದ್ದಾಗ ನಾನೂ ಅವಳೂ ಇದರಲ್ಲೇ ಮಲಗ್ತಿದ್ವಿ.”

ದಾಲ್ವಾ ಬೂಟು ಕಳಚಿ ಮೆಲ್ಲಗೆ ಹತ್ತಿದಳು.